ಮದುವೆ ಪಟ್ಟಿಯ ಬಿಳಿ ಸಾಲುಗಳು

ಮದುವೆಯಾಗಿ ಮೂರು ವರ್ಷ ಸಂಸಾರ ಮಾಡಿದ್ದ ಒಬ್ಬ ಹೆಣ್ಣುಮಗಳನ್ನು ನಾನು ಮತ್ತೆ ವಧುಗಳ ಪಟ್ಟಿಗೆ ತಂದು ನಿಲ್ಲಿಸಿದೆ. ಬೇಕೆಂದು ಮಾಡಿದ್ದಲ್ಲ. ಸುಸ್ತಾಗಿತ್ತು, ಒಂದು ಗುಂಡಿ ಒತ್ತಿದೆ, ಅಷ್ಟೆ. ಅವಳ ಗಂಡನ ಮನೆಯವರು ಅವಳ ಕೈಗೊಂದು ಬ್ಯಾಗು ಕೊಟ್ಟು ತವರಿನ ಬಸ್ಸು ಹತ್ತಿಸಿದರು. ಈಗಲೂ ಯಾರಾದರೂ ನನ್ನೆದುರು ‘ಎಲ್ಲಾ ಒಂದ್ಸಲ ಕ್ಲೀನ್ ಮಾಡೋಣ’ ಎಂದರೆ ಎದ್ದು ಹೊರಗೆ ಹೋಗಿಬಿಡುತ್ತೇನೆ.

ಹುಣಸೂರಿನಲ್ಲಿ ಆಗ ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಹೆಸರಿಗೆ ಸೆಂಟರ್. ಒಂದು ಮರಗೆಲಸದ ಅಂಗಡಿಯ ಮೇಲಿನ ಕೋಣೆ, ಮೂರು ಕಂಪ್ಯೂಟರು, ಫೋನ್ ಲೈನಿನಲ್ಲಿ ಕಿರುಗುಟ್ಟುತ್ತಾ ಬರುವ ಇಂಟರ್ನೆಟ್ಟು. ಅದಕ್ಕೂ ಮೊದಲು ಅದೇ ಕೋಣೆಯಲ್ಲಿ ಹತ್ತು ವರ್ಷ ಟೈಪ್‌ರೈಟಿಂಗ್ ಕಲಿಸಿದ್ದೆ. ಹಾಗಾಗಿ ಊರಿಗೆಲ್ಲ ನಾನು ಕೊನೆಯವರೆಗೂ ಟೈಪಿಂಗ್ ಮಿಸ್ಸೇ. ಕೆಳಗಿನ ಅಂಗಡಿಯ ಸಾಹೇಬರು ಬಾಗಿಲು ಕಿಟಕಿ ಉಜ್ಜಲು ಶುರುಮಾಡಿದರೆ ಮರದ ಪುಡಿ ಮೆಟ್ಟಿಲು ಹತ್ತಿ ಬಂದು ಕೀಬೋರ್ಡಿನ ಸಂದಿಯಲ್ಲಿ ಕೂರುತ್ತಿತ್ತು. ನಾನು ಮೇಲಿಂದ ಕೂಗಿದರೆ ಅವರು ಕೆಳಗಿಂದ, ‘ಮಿಸ್, ಧೂಳು ಬೇಡ ಅಂದ್ರೆ ನಾನು ಉಪವಾಸ ಕೂತ್ಕೋಬೇಕು ನೋಡಿ,’ ಎನ್ನುತ್ತಿದ್ದರು. ದಿನಾ ಸಂಜೆ ಬ್ರಷ್ ಹಿಡಿದು ಕೀಲಿಗಳ ಮಧ್ಯೆ ಗುಡಿಸುವುದು ನನ್ನ ಕೆಲಸದ ಭಾಗವೇ ಆಗಿಹೋಗಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇಸವಿಯಲ್ಲಿ ಕೆ.ಆರ್. ನಗರದಿಂದ ಒಬ್ಬ ನಿವೃತ್ತ ಹೆಡ್ ಮೇಷ್ಟ್ರು ಬಂದರು. ತಮ್ಮ ಮನೆಯ ಜಗಲಿಯಲ್ಲೇ ವಧೂವರರ ಕೇಂದ್ರ ನಡೆಸುತ್ತಿದ್ದವರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ದಾಟಿ ಹೆಣ್ಣು ಕೊಡುವವರು ಅವರ ಪ್ರಕಾರ ಸ್ವಲ್ಪ ತಲೆಕೆಟ್ಟವರೇ. ನಾಲ್ಕು ವರ್ಷದ ಹಿಂದೆ ಯಾರೋ ಹೇಳಿದರೆಂದು ಒಂದು ವೆಬ್‌ಸೈಟನ್ನೂ ಮಾಡಿಸಿದ್ದರು. ಮಾಡಿಕೊಟ್ಟವರು ಮೈಸೂರಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವವರು.

‘ನೋಡಮ್ಮ, ಇದೊಂದು ಮಾಡಿಸಿ ಪೇಚಿಗೆ ಸಿಕ್ಕಾಕೊಂಡಿದ್ದೀನಿ,’ ಎಂದರು ಮೇಷ್ಟ್ರು. ‘ಪೇಜು ತೆರ್ಕೊಳ್ಳೋ ಹೊತ್ತಿಗೆ ಗಂಡಿನ ಕಡೆಯೋರು ಎದ್ದು ಹೋಗಿರ್ತಾರೆ. ಒಂದು ಹೊಸ ಹೆಸ್ರು ಸೇರ್ಸಿದ್ರೆ ಹತ್ತು ಹೆಸ್ರು ಅಡ್ಡಡ್ಡ ಮಲಗ್ತವೆ. ನೀನೇ ಒಸಿ ರಿಪೇರಿ ಮಾಡ್ಕೊಡು.’

ಜೊತೆಗೆ ತಮ್ಮ ಲೆಡ್ಜರನ್ನೂ ತಂದಿದ್ದರು. ಅದರ ದಪ್ಪ ನೋಡಿ ನನಗೆ ನಗು ಬಂತು. ತೆರೆದರೆ ಪುಟಪುಟಕ್ಕೂ ಲಗ್ನಪತ್ರಿಕೆಯ ತುಂಡುಗಳು, ಅರಿಶಿನ ಹಚ್ಚಿದ ಮೂಲೆಗಳು, ಸಾಲುಗಳ ಮೇಲೆ ಗೋಂದಿನಲ್ಲಿ ಅಂಟಿಸಿದ್ದು. ಸಂಬಂಧ ಕುದುರಿ ಮದುವೆಯಾದವರ ಹೆಸರನ್ನು ಮೇಷ್ಟ್ರು ಹೊಡೆದು ಹಾಕುತ್ತಿರಲಿಲ್ಲ. ಅವರ ಲಗ್ನಪತ್ರಿಕೆಯದೇ ಒಂದು ಚೂರು ಕತ್ತರಿಸಿ ಆ ಸಾಲನ್ನು ಮುಚ್ಚುತ್ತಿದ್ದರು. ಯಾಕೆ ಮೇಷ್ಟ್ರೇ ಇಷ್ಟೆಲ್ಲಾ ಫಜೀತಿ, ಒಂದು ಗೀಟು ಎಳೆದರೆ ಸಾಲದೇ ಎಂದೆ. ಅವರು ಕಣ್ಣು ಕೆಕ್ಕರಿಸಿದರು. ‘ಬುಡ್ತು ಅನ್ನು! ಮೂವತ್ತು ವರ್ಷ ಹಾಜರಿ ಪುಸ್ತಕ ಬರ್ದಿದ್ದೀನಿ. ಹೆಸ್ರಿನ ಮೇಲೆ ಗೀಟು ಎಳೆದಿದ್ದು ತೀರಿಹೋದ ಮಕ್ಕಳಿಗೆ ಮಾತ್ರ. ಮದ್ವೆ ಆಗಿ ಬಾಳೋ ಜೀವಕ್ಕೆ ಗೀಟು ಎಳೀತಾರೇನಮ್ಮ?’ ನಾನು ಆಯ್ತು ಮೇಷ್ಟ್ರೇ ಎಂದೆ. ವೆಬ್‌ಸೈಟಿನಲ್ಲಿ ಹೇಗೆ ಮಾಡಿಸಿದ್ದೀರಿ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ, ಹೇಳಬೇಕೆಂದು ಅವರಿಗೂ ಹೊಳೆಯಲಿಲ್ಲ.

ಅವರು ಹೋದ ಮೇಲೆ ಆ ಸೈಟಿನ ಕೋಡ್ ತೆರೆದು ನೋಡಿ ತಲೆ ಮೇಲೆ ಕೈ ಹೊತ್ತು ಕೂತೆ. ಪುಣ್ಯಾತ್ಮರು ವೆಬ್ ಪೇಜನ್ನೂ ಲಗ್ನಪತ್ರಿಕೆಯ ಹಾಗೆಯೇ ಕೂರಿಸಿದ್ದರು. ಒಂದು ಸಾಲು ಮಧ್ಯಕ್ಕೆ ಬರಬೇಕೆಂದರೆ ಅದರ ಹಿಂದೆ ನಲವತ್ತು ಖಾಲಿ ಜಾಗದ ಗುರುತು. ಕೋಷ್ಟಕದೊಳಗೆ ಕೋಷ್ಟಕ, ಅದರೊಳಗೆ ಇನ್ನೊಂದು. ಒಂದೊಂದು ಪದಕ್ಕೂ ಅಕ್ಷರದ ಹೆಸರು, ಅಳತೆ, ಬಣ್ಣ ಬೇರೆಬೇರೆಯಾಗಿ ಬರೆದು, ಕೆಲವನ್ನು ಮುಚ್ಚಿ, ಕೆಲವನ್ನು ಮುಚ್ಚದೆ ಹಾಗೇ ಬಿಟ್ಟಿದ್ದರು. ಸಾಲದ್ದಕ್ಕೆ ಆಗಿನ ಕನ್ನಡ ಫಾಂಟುಗಳ ಕರ್ಮ ಬೇರೆ. ಪೇಜಿನಲ್ಲಿ ಕನ್ನಡವಾಗಿ ಕಾಣುವುದು ಕೋಡಿನೊಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ರಾಶಿ. ಯಾವುದು ಹೆಸರು, ಯಾವುದು ಊರು, ಯಾವುದು ಕಸ ಎಂದು ಕೋಡ್ ನೋಡಿ ಹೇಳಲು ದೇವರಿಗೂ ಆಗುತ್ತಿರಲಿಲ್ಲ.

ಆದರೂ ಎಂಟು ದಿನ ಕೈಯಲ್ಲೇ ಬಿಡಿಸಿದೆ. ನೋಟ್‌ಪ್ಯಾಡ್ ತೆರೆದು, ಒಂದೊಂದೇ ಗುರುತು ಹುಡುಕಿ, ಅದರ ಜೋಡಿ ಎಲ್ಲಿದೆ ಎಂದು ಬೆರಳಿಟ್ಟು ನೋಡಿ ಅಳಿಸುವುದು. ಟೈಪಿಂಗ್ ಕಲಿಸಿದವಳ ಜಂಬವದು, ಎಲ್ಲಾ ಕೈಯಲ್ಲೇ ಆಗಬೇಕು. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತಿತ್ತು. ಉಳಿಸದೆ ಬಿಟ್ಟಿದ್ದು ಹೋಗುತ್ತಿತ್ತು. ಕಣ್ಣು ಉರಿ, ಕತ್ತು ನೋವು, ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಎಂಟನೆಯ ದಿನ ಲೆಕ್ಕ ಹಾಕಿದರೆ ವಧುಗಳ ಪುಟದ ಕಾಲು ಭಾಗವೂ ಮುಗಿದಿರಲಿಲ್ಲ. ಸಾಕಪ್ಪಾ ಸಾಕು ಎನ್ನಿಸಿತು. ಇದಕ್ಕೊಂದು ಸರಿಯಾದ ಸಾಫ್ಟ್‌ವೇರ್ ನೋಡಲೇಬೇಕೆಂದು ಹೊರಟೆ.

ನನ್ನೆದುರಿಗೆ ಇದ್ದದ್ದು ಎರಡು. ಒಂದು, ಕಂಪ್ಯೂಟರಿನ ಆಫೀಸ್ ಪ್ಯಾಕೇಜಿನ ಜೊತೆಗೇ ಬಂದಿದ್ದು. ಮೌಸಿನಲ್ಲಿ ಎಳೆದು ಕೂರಿಸಿದರೆ ಆಯಿತು, ಕೋಡ್ ನೋಡುವುದೇ ಬೇಡ. ಆದರೆ ನಾನು ಒಂದು ಸಾಲು ಬರೆದರೆ ಅದು ತಾನಾಗಿ ಹತ್ತು ಸಾಲು ಸೇರಿಸುತ್ತಿತ್ತು. ಮೈಸೂರಿನವರ ಕಸ ತೆಗೆದು ಇದರ ಕಸ ತುಂಬಿಕೊಳ್ಳುವ ಭಾಗ್ಯ ನನಗೆ ಬೇಡವಾಗಿತ್ತು. ಇನ್ನೊಂದು, ಈ ಕೆಲಸವನ್ನೇ ಕಸುಬು ಮಾಡಿಕೊಂಡವರು ಬಳಸುವ ದೊಡ್ಡ ಸಾಫ್ಟ್‌ವೇರು. ಅದನ್ನು ನೋಡಲು ಮೈಸೂರಿಗೆ ಹೋದೆ. ಬಿಳಿಕೆರೆಯವರೆಗೂ ಬಸ್ಸಿನಲ್ಲಿ ನಿಂತೇ ಇದ್ದೆ, ಅಲ್ಲಿ ಯಾರೋ ಇಳಿದ ಮೇಲೆ ಕೂತವಳು ನಿದ್ದೆ ಹೋದೆ. ಅಂಗಡಿಯವರು ಪರದೆಯನ್ನು ಎರಡಾಗಿ ಸೀಳಿ ತೋರಿಸಿದರು, ಮೇಲೆ ಕೋಡು, ಕೆಳಗೆ ಪೇಜು. ಬಲಗಡೆ ಏನೇನೋ ಪಟ್ಟಿಗಳು, ಚಲಿಸುವ ಚಿತ್ರ, ಬಣ್ಣದ ಗುಂಡಿ. ಅದ್ಯಾವುದೂ ನನಗೆ ಬೇಕಿರಲಿಲ್ಲ. ಕೊನೆಗೆ ಒಂದು ಮೆನುವಿನಲ್ಲಿ ‘ಕ್ಲೀನ್ ಅಪ್’ ಎಂಬ ಆಜ್ಞೆ ತೋರಿಸಿ, ‘ಯಾವ ಗುರುತು ಬೇಡ ಅಂತ ಇಲ್ಲಿ ಹೇಳಿ ಮೇಡಂ, ಒಂದೇ ಏಟಿಗೆ ಎಲ್ಲಾ ತೆಗೆದು ಬಿಸಾಕುತ್ತೆ,’ ಎಂದರು.

ಒಂದೇ ಏಟಿಗೆ! ಎಂಟು ದಿನ ಬೆನ್ನು ಬಗ್ಗಿಸಿ ಕೂತವಳಿಗೆ ಇನ್ನೇನು ಬೇಕು? ಅದನ್ನೇ ತಂದೆ. ಬೇರೆ ಗುಣ ಅವಗುಣ ಒಂದನ್ನೂ ಕೇಳಲಿಲ್ಲ.

ಮಾರನೆಯ ದಿನವೇ ಕೂತೆ. ಕನ್ನಡ ಫಾಂಟಿನ ಹೆಸರನ್ನು ಇಡೀ ಪೇಜಿಗೆ ಅನ್ವಯಿಸುವಂತೆ ಕೋಡಿನ ತಲೆಭಾಗದಲ್ಲಿ ಒಂದೇ ಕಡೆ ಬರೆದೆ. ಇನ್ನು ನಡುನಡುವೆ ಇರುವ ಅಕ್ಷರ, ಅಳತೆ, ಬಣ್ಣದ ಗುರುತುಗಳೆಲ್ಲ ದಂಡ. ಹುಡುಕಿ ನೋಡಿದರೆ ಬಿಳಿ ಬಣ್ಣದ ಗುರುತೇ ನೂರಾರು ಇದ್ದವು, ಸಾಲಾಗಿ ಆರಾರು ಎಫ್ ಅಕ್ಷರ. ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣ ಯಾಕೆ ಬಳಿದರಪ್ಪಾ ಈ ಮಹಾನುಭಾವರು ಎಂದು ಬೈದುಕೊಂಡೆ. ಪೇಜಿನಲ್ಲಿ ಅಲ್ಲಲ್ಲಿ ಅಷ್ಟಗಲ ಖಾಲಿ ಜಾಗ ಕಾಣುತ್ತಿತ್ತು, ಲಗ್ನಪತ್ರಿಕೆಯವರ ಅಭ್ಯಾಸ, ಚೆಂದಕ್ಕೆ ಬಿಟ್ಟಿದ್ದಾರೆ ಎಂದುಕೊಂಡೆ. ಎಲ್ಲಾ ತೆಗೆ ಎಂದು ಆಜ್ಞೆ ಕೊಟ್ಟೆ. ಅರ್ಧ ನಿಮಿಷವೂ ಆಗಲಿಲ್ಲ. ಕೋಡ್ ಮೂರನೇ ಒಂದು ಭಾಗಕ್ಕೆ ಇಳಿದಿತ್ತು.

ಆಗ ಖುಷಿಯಾಯಿತು, ಸುಳ್ಳು ಹೇಳಬಾರದು. ಪೇಜು ತಟಕ್ಕನೆ ತೆರೆದುಕೊಂಡಿತು. ಮೇಲಿನ ಹತ್ತು ಹದಿನೈದು ಹೆಸರು ನೋಡಿದೆ, ಕನ್ನಡ ಸರಿಯಾಗಿ ಬಂದಿದೆ, ಸಾಲು ನೆಟ್ಟಗಿದೆ. ಹೊಸಬರು ಮೇಲೆ, ಹಳಬರು ಕೆಳಗೆ ಇರುವ ಪಟ್ಟಿ ಅದು. ಕೆಳಗಿನ ತನಕ ನೋಡುವ ತಾಳ್ಮೆ ನನಗಿರಲಿಲ್ಲ. ಕರೆಂಟು ಹೋಗುವ ಮೊದಲು ಮುಗಿಸಿಬಿಡೋಣ ಎಂದು ಪೇಜನ್ನು ಇಂಟರ್ನೆಟ್ಟಿಗೆ ಏರಿಸಿಬಿಟ್ಟೆ. ಪೇಜಿನ ಬುಡದಲ್ಲಿ ‘ಈ ಪಟ್ಟಿಯನ್ನು ಪರಿಷ್ಕರಿಸಿದ ದಿನ’ ಎಂದು ಆ ಸಾಫ್ಟ್‌ವೇರ್ ತಾನಾಗಿಯೇ ತಾರೀಕು ಹಾಕುವಂತೆಯೂ ಮಾಡಿದ್ದೆ, ಮೇಷ್ಟ್ರಿಗೆ ಚೆನ್ನಾಗಿ ಕಾಣಲಿ ಎಂದು.

ಹತ್ತು ದಿನ ಕಳೆದಿರಬೇಕು. ಬೆಳಗ್ಗೆ ನಾನು ಬಾಗಿಲು ತೆರೆಯುವಾಗಲೇ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

‘ಏನ್ ಮಾಡಿಟ್ಟಿದ್ದೀಯಮ್ಮ ನೀನು?’ ಎಂದರು. ‘ಮದ್ವೆ ಆಗಿ ಮಕ್ಕಳಾದೋರ್ ಮನೆಗೆಲ್ಲಾ ಹೆಣ್ಣು ಕೇಳ್ಕೊಂಡು ಫೋನ್ ಹೋಗ್ತಾ ಅವೆ. ಪಿರಿಯಾಪಟ್ಟಣದ ಕಡೆ ಹುಡುಗಿ ಒಬ್ಳನ್ನ ಗಂಡನ ಮನೆಯೋರು ವಾಪಸ್ ಕಳಿಸವ್ರೆ.’

ನನಗೆ ಏನೂ ಅರ್ಥವಾಗಲಿಲ್ಲ, ಮೊದಲು ಜಗಳಕ್ಕೇ ನಿಂತೆ. ನಾನು ಹೆಸರು ಸೇರಿಸಿಲ್ಲ, ಬರೀ ಕಸ ತೆಗೆದಿದ್ದೇನೆ ಎಂದೆ. ಆಮೇಲೆ ಹಳೆಯ ಪೇಜಿನ ಪ್ರತಿ ತೆರೆದು, ಆ ಖಾಲಿ ಜಾಗದ ಮೇಲೆ ಮೌಸ್ ಒತ್ತಿ ಎಳೆದೆ. ನೀಲಿ ಪಟ್ಟೆಯೊಳಗೆ ಒಬ್ಬೊಬ್ಬರೇ ಮೂಡಿದರು. ನಕ್ಷತ್ರ, ಎತ್ತರ, ಊರು, ಫೋನ್ ನಂಬರು. ಲೆಡ್ಜರಿನಲ್ಲಿ ಪತ್ರಿಕೆಯ ಚೂರು ಅಂಟಿಸಿದವರೆಲ್ಲ ಇಲ್ಲಿ ಬಿಳಿಯ ಮೇಲೆ ಬಿಳಿಯಾಗಿ ಮಲಗಿದ್ದರು. ಮೈಸೂರಿಗೆ ಫೋನ್ ಮಾಡಿದರೆ ಲಗ್ನಪತ್ರಿಕೆಯವರು, ‘ಮೇಷ್ಟ್ರೇ ಹೇಳಿದ್ದು ಮೇಡಂ, ಅಳಿಸ್ಬೇಡ, ಮುಚ್ಚು ಅಂತ. ಅದಕ್ಕೆ ಬಿಳಿ ಬಳಿದೆ,’ ಎಂದರು. ನಾನು ಆ ಬಿಳಿಯನ್ನು ತೊಳೆದು ಎಲ್ಲರನ್ನೂ ಮತ್ತೆ ಬೀದಿಗೆ ಎಬ್ಬಿಸಿದ್ದೆ.

ಮೇಷ್ಟ್ರು ಹೇಳಿದ ಆ ಹುಡುಗಿಯ ಕಥೆ ಹೀಗಿತ್ತು. ಅವಳು ತನ್ನೂರಿನಲ್ಲಿ ಅಂಗನವಾಡಿಯಲ್ಲಿ ಕೆಲಸಕ್ಕಿದ್ದವಳು. ಮೊದಲು ಕೊಟ್ಟ ಮನೆಯಲ್ಲಿ ಗಂಡನಿಗೆ ಆಗಲೇ ಇನ್ನೊಬ್ಬ ಹೆಂಡತಿ ಇರುವುದು ತಿಳಿದು, ಆರು ತಿಂಗಳಿಗೇ ತವರಿಗೆ ಬಂದಿದ್ದಳು. ಆಮೇಲೆ ಮೇಷ್ಟ್ರ ಕೇಂದ್ರದಿಂದಲೇ ಎಚ್.ಡಿ. ಕೋಟೆ ಕಡೆಯ, ಹೆಂಡತಿ ತೀರಿಕೊಂಡಿದ್ದ ಒಬ್ಬರ ಜೊತೆ ಎರಡನೇ ಸಂಬಂಧ ಆಯಿತು. ಮೂರು ವರ್ಷ ಒಂದು ಮಾತಿಲ್ಲದೆ ಬಾಳುವೆ ನಡೆದಿತ್ತು. ಈಗ ಅವಳ ಗಂಡನ ಅಣ್ಣ ತನ್ನ ಬಾಮೈದನಿಗೆ ಹೆಣ್ಣು ನೋಡಲೆಂದು ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟಿನ ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಮನೆಗೆ ತಂದಿದ್ದಾನೆ. ಓದುತ್ತಾ ಹೋದರೆ ತಮ್ಮನ ಹೆಂಡತಿಯೇ ಸಿಕ್ಕಿದ್ದಾಳೆ. ಅದೇ ಊರು, ಅದೇ ಅಂಗನವಾಡಿ, ಅವಳ ಅಣ್ಣನ ಮನೆಯ ಫೋನ್ ನಂಬರು. ಬುಡದಲ್ಲಿ ಹೋದ ವಾರದ ತಾರೀಕು. ಅದೇ ವಾರ ಅವಳು ತವರಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದಳಂತೆ. ಬೇರೆ ಗಂಡು ಹುಡುಕಲು ಹೆಸರು ಬರೆಸಿ ಬಂದಿದ್ದಾಳೆ ಎಂದುಕೊಂಡರು, ಮುಗೀತಲ್ಲ!

‘ಆಯ್ತು, ಆಮೇಲೆ ಬೈಯಿರಿ. ಮೊದಲು ಇವರನ್ನೆಲ್ಲ ಅಳಿಸ್ತೀನಿ,’ ಎಂದೆ.

‘ಅಳ್ಸಬೇಡಮ್ಮ. ಮತ್ತೆ ಬಿಳಿ ಮಾಡು,’ ಎಂದರು ಮೇಷ್ಟ್ರು.

ನನಗೆ ರೇಗಿಹೋಯಿತು. ‘ಬದುಕಿರೋರ ಹೆಸ್ರು ಅಳಿಸ್ಬಾರದು ಅಂತೀರಿ. ಹೆಸ್ರು ಉಳ್ಕೊಂಡೇ ಒಬ್ಳ ಬದುಕು ಹಾಳಾಗ್ತಾ ಇದೆಯಲ್ಲ, ಅದಕ್ಕೇನಂತೀರಿ ಮೇಷ್ಟ್ರೇ?’ ಎಂದು ಕೂಗಿಬಿಟ್ಟೆ. ಕೆಳಗೆ ಸಾಹೇಬರ ಉಜ್ಜುವ ಸದ್ದೂ ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ‘ಅಳ್ಸು,’ ಎಂದರು. ಒಬ್ಬೊಬ್ಬರನ್ನಾಗಿ ಅಳಿಸಲು ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಮಾರನೆಯ ದಿನ ನಾವಿಬ್ಬರೂ ಬಸ್ಸು ಹಿಡಿದು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಅವರ ಊರಿಗೆ ಹೋದೆವು. ಮನೆಯ ಮುಂದೆ ಹತ್ತಿ ಬಿಡಿಸಿ ರಾಶಿ ಹಾಕಿದ್ದರು. ಹುಡುಗಿಯ ಅತ್ತೆ ಕಂಬಕ್ಕೊರಗಿ ಕೂತಿದ್ದರು. ಗಂಡ ಬಾಗಿಲಲ್ಲಿ ನಿಂತಿದ್ದ, ಅವನ ಅಣ್ಣ ಪ್ರಿಂಟ್ ಹಿಡಿದು ಬಂದು ಎದುರಿಗೇ ಕೂತ. ನಾನು ಹಳೆಯ ಕೋಡು, ಹೊಸ ಕೋಡು ಎರಡನ್ನೂ ಅಚ್ಚು ಹಾಕಿಸಿಕೊಂಡು ಹೋಗಿದ್ದೆ, ಎಂಥ ದಡ್ಡಿ! ಆ ಹಾಳೆಗಳನ್ನು ಅವರು ಮಂತ್ರದ ಚೀಟಿ ನೋಡುವ ಹಾಗೆ ನೋಡಿದರು. ಕೊನೆಗೆ, ‘ಸುಣ್ಣದ ಗೋಡೆ ಮೇಲೆ ಸುಣ್ಣದಲ್ಲೇ ಬರೆದಿದ್ರು ಕಣಮ್ಮ, ಕಾಣ್ತಿರ್ಲಿಲ್ಲ. ನಾನು ಗೊತ್ತಿಲ್ದೆ ಗೋಡೆಗೆ ಬೇರೆ ಬಣ್ಣ ಹೊಡೆದಂಗಾಯ್ತು, ಎಲ್ಲಾ ಎದ್ದು ಕಾಣ್ತು,’ ಎಂದೆ.

‘ಅಂಗಾರೆ ತಾರೀಕು ಯಾಕೆ ಓದ ವಾರದ್ದು?’ ಎಂದ ಅಣ್ಣ.

‘ಅದು ಮಿಷನ್ ತಾನೇ ಹಾಕೋದು.’

‘ಮಿಷನ್‌ಗೇನ್ ಕನಸು ಬಿದ್ದಿತ್ತಾ?’

ಅತ್ತೆ ಕಂಬ ಬಿಟ್ಟು ಮುಂದಕ್ಕೆ ಬಾಗಿದರು. ‘ನಂಗೆ ನಿಮ್ ಕಂಪೂಟ್ರು ಗೊತ್ತಿಲ್ಲ ಕಣವ್ವ,’ ಎಂದರು. ‘ಒಂದ್ ಮನೆ ಬುಟ್ಟು ಬಂದೋಳು, ಇನ್ನೊಂದ್ ಮನೆ ಬುಡೋಕೆ ಎಷ್ಟೊತ್ತು ಅಂತ ನಮ್ಗೂ ಅನ್ಸೋದಿಲ್ವಾ?’

ಮೇಷ್ಟ್ರು ಲೆಡ್ಜರ್ ತೆರೆದು ಆ ಹುಡುಗಿಯ ಸಾಲು ತೋರಿಸಿದರು. ಇವರದೇ ಮನೆಯ ಲಗ್ನಪತ್ರಿಕೆಯ ಮೂಲೆ, ಮೂರು ವರ್ಷದ ಅರಿಶಿನ. ಎಲ್ಲರಿಗೂ ಹೀಗೇ ಮುಚ್ಚಿದ್ದೇನೆ, ವೆಬ್‌ಸೈಟಿನಲ್ಲೂ ಮುಚ್ಚಿಸಿದ್ದೆ, ಮುಚ್ಚಿದ್ದು ತೆರೆದುಕೊಂಡಿದ್ದು ನಮ್ಮ ತಪ್ಪು, ಆ ಮಗುವಿಗೆ ಇದರ ಗಾಳಿಯೂ ಗೊತ್ತಿಲ್ಲ ಎಂದರು. ಆ ವಯಸ್ಸಿನಲ್ಲಿ ಎದ್ದು ನಿಂತು ಕೈ ಮುಗಿದರು. ನನಗೆ ನೋಡಲಾಗಲಿಲ್ಲ. ಬೇರೆ ಎಷ್ಟೋ ಮನೆಗೂ ಫೋನ್ ಹೋಗಿದೆ ಎಂದ ಮೇಲೆ ಅಣ್ಣ ಪ್ರಿಂಟನ್ನು ಮಡಿಚಿ ಪಕ್ಕಕ್ಕಿಟ್ಟ.

‘ಆಗ್ಲಿ ಬುಡಿ ಮೇಷ್ಟ್ರೇ, ಕರ್ಕೊಂಡ್ ಬತ್ತಾನೆ,’ ಎಂದರು ಅತ್ತೆ.

ಗಂಡ ಆಗ ಮೊದಲ ಸಲ ಮಾತಾಡಿದ. ‘ಮಿಸ್ಸು, ತಪ್ಪು ನಿಮ್ದೇ ಅಂತ ಒಂದ್ ಕಾಗ್ದದಾಗೆ ಬರ್ದು ಸೀಲ್ ಹಾಕ್ಕೊಡ್ತೀರಾ? ಊರೋರು ಕೇಳುದ್ರೆ ತೋರ್ಸೋಕೆ.’

ಕೊಡುತ್ತೇನೆ ಎಂದೆ. ಎರಡು ದಿನ ಬಿಟ್ಟು ಅವನು ಪಿರಿಯಾಪಟ್ಟಣಕ್ಕೆ ಹೋಗಿ ಹೆಂಡತಿಯನ್ನು ಕರೆದುಕೊಂಡು, ಬರುವ ದಾರಿಯಲ್ಲಿ ಹುಣಸೂರಿನಲ್ಲಿ ಇಳಿದ. ಅವನು ಕೆಳಗೆ ಸಾಹೇಬರ ಅಂಗಡಿಯಲ್ಲೇ ನಿಂತ, ಮೇಲೆ ಬಂದದ್ದು ಅವಳೊಬ್ಬಳೇ. ನಾನು ಅವಳನ್ನು ನೋಡಿದ್ದು ಅದೇ ಮೊದಲು. ತೆಳ್ಳಗೆ, ನೀಟಾಗಿ ಪಿನ್ ಮಾಡಿದ ಸೀರೆ, ಕೈಯಲ್ಲಿ ಅದೇ ಬ್ಯಾಗು. ಅವಳು ಬೈಯುತ್ತಾಳೆ ಎಂದು ಕಾದಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

‘ಅಕ್ಕ, ನಂದು ಎಂಗೆ ಕಾಣ್ತಿತ್ತು ಒಂದ್ಸಲ ತೋರುಸ್ತೀರಾ?’ ಎಂದಳು.

ತೆಗೆದಿಟ್ಟಿದ್ದ ಪ್ರತಿ ತೆರೆದು ತೋರಿಸಿದೆ. ಬೆರಳಿಟ್ಟು ಅಂಗನವಾಡಿ ಟೀಚರಂತೆಯೇ ಬಿಡಿಬಿಡಿಯಾಗಿ ಓದಿದಳು. ಎತ್ತರ, ನಕ್ಷತ್ರ, ಎರಡನೇ ಸಂಬಂಧ. ಕೊನೆಯಲ್ಲಿ ಮೇಷ್ಟ್ರು ಎಲ್ಲ ಹುಡುಗಿಯರಿಗೂ ಬರೆಸುತ್ತಿದ್ದ ಸಾಲು: ಹೊಂದಿಕೊಂಡು ಹೋಗುವ ಸ್ವಭಾವ.

‘ನನ್ನನ್ನ ಕ್ಷಮಿಸಮ್ಮ,’ ಎಂದೆ.

‘ನೀವೇನ್ ಮಾಡಿದ್ರಿ ಬುಡಿ ಅಕ್ಕ, ನಿಮ್ ಕೆಲ್ಸ ನೀವ್ ಮಾಡಿದ್ರಿ,’ ಎಂದಳು. ‘ಅವ್ರು ನನ್ನ ಒಂದ್ ಮಾತು ಕೇಳ್ನಿಲ್ಲ. ಹಿಂಗೆ ಬಂದದಲ್ಲ, ಏನಿದು ಅಂತ ಕೇಳ್ಬೋದಿತ್ತು. ಕೇಳ್ನಿಲ್ಲ. ಬ್ಯಾಗ್ ತುಂಬ್ಕೊಟ್ರು. ಮೂರ್ ವರ್ಷದಿಂದ ಮನ್ಸಲ್ಲಿ ಏನಿಟ್ಕೊಂಡಿದ್ರು ಅನ್ನೋದು ಗೊತ್ತಾಯ್ತು, ಅಷ್ಟೆ.’

ಹಾಗಿದ್ದರೆ ಹೋಗಲೇಬೇಕಾ ಎಂದು ಕೇಳಿಯೇಬಿಟ್ಟೆ. ನಾನು ಯಾರು ಕೇಳಲು? ಆದರೂ ಕೇಳಿದೆ.

‘ಎರಡ್ನೇ ಸಲ ತವರ್ಗೆ ಬಂದು ಕೂತೋಳನ್ನ ಅಣ್ಣ ಎಷ್ಟ್ ದಿನ ಇಟ್ಕೊತಾನೆ ಅಕ್ಕ,’ ಎಂದು, ಮೇಜಿನ ಮೇಲಿದ್ದ ಕಾಗದಕ್ಕೆ ಕೈ ಚಾಚಿದಳು. ನಾನು ಚೆನ್ನಾಗಿ ಅಚ್ಚು ಹಾಕಿಸಿ, ಸೆಂಟರಿನ ಸೀಲು ಒತ್ತಿ, ಮೇಷ್ಟ್ರ ಸಹಿಯನ್ನೂ ಮಾಡಿಸಿಟ್ಟಿದ್ದ ಪತ್ರ. ಈ ಮಹಿಳೆಯದು ಯಾವ ತಪ್ಪೂ ಇಲ್ಲ ಎಂದು ನಾಲ್ಕು ಸಾಲು. ಅದನ್ನೂ ಪೂರ್ತಿ ಓದಿದಳು.

‘ಇದ್ನ ನಂಬ್ತಾರೆ,’ ಎಂದಳು. ‘ನಾಳೆ ಇನ್ನೇನಾರ ಬಂದ್ರೆ ಯಾರತ್ರ ಬರುಸ್ಕೊಂಡ್ ಹೋಗ್ಲಿ ಅಕ್ಕ?’

ಕೆಳಗಿನಿಂದ ಅವಳ ಗಂಡ, ಕೋಟೆ ಬಸ್ಸು ಹೊರಡ್ತದೆ, ಬೇಗ ಬಾ ಎಂದು ಕೂಗಿದ. ಅವಳು ಪತ್ರವನ್ನು ಮಡಿಚಿ ಬ್ಯಾಗಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಮೆಟ್ಟಿಲಿಳಿದಳು.